ಮಾತ್ರೆಯ ಚೀಲ, ಮಾತಿನ ಕೆಲಸ

2021ರ ಆಗಸ್ಟ್ 5ರಂದು ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ‘ಮಕ್ಕಳೈ ತೇಡಿ ಮರುತ್ತುವಂ’ (ಜನರನ್ನು ಹುಡುಕಿ ಬರುವ ವೈದ್ಯ) ಯೋಜನೆಗೆ ಚಾಲನೆ ಕೊಟ್ಟದ್ದು ಚೆನ್ನೈಯಲ್ಲಲ್ಲ, ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಬಿಪಿ, ಸಕ್ಕರೆ ಕಾಯಿಲೆಯವರು ಆಸ್ಪತ್ರೆಗೆ ಅಲೆಯಬಾರದು, ಮಾತ್ರೆಯೇ ಮನೆ ಬಾಗಿಲಿಗೆ ಬರಬೇಕು ಎಂಬುದು ಅದರ ತಿರುಳು. 2024ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಆ ಮನ್ನಣೆಗೆ ಯೋಜನೆ ಯೋಗ್ಯವೇ. ನನ್ನ ತಕರಾರು ಬೇರೆ: ಅಲ್ಲಿ ನಡೆಯುವ ಕೆಲಸದ ಅರ್ಧಪಾಲನ್ನು ಯಾರೂ ಕೆಲಸವೆಂದು ಲೆಕ್ಕಕ್ಕೇ ಹಿಡಿಯುತ್ತಿಲ್ಲ.

2020ರಲ್ಲಿ ತಮಿಳುನಾಡು ನಡೆಸಿದ ಸಮೀಕ್ಷೆಯ ಪ್ರಕಾರ ಬಿಪಿ ಇದ್ದವರಲ್ಲಿ ಅದು ಹತೋಟಿಯಲ್ಲಿದ್ದದ್ದು ಶೇ 7.3 ಮಂದಿಗೆ, ಸಕ್ಕರೆ ಕಾಯಿಲೆಯವರಲ್ಲಿ ಶೇ 10.8 ಮಂದಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಆಗಲೂ ಪುಕ್ಕಟೆಯೇ ಇತ್ತು. ಆದರೆ ಅದನ್ನು ತರಲು ಒಂದು ದಿನದ ಕೂಲಿ ಹೋಗುತ್ತಿತ್ತು, ಜೊತೆಗೆ ಬಸ್ ಚಾರ್ಜು. ಈ ತೊಡಕನ್ನು ಯೋಜನೆ ಸರಿಯಾಗಿ ಹಿಡಿಯಿತು. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳನ್ನೇ ಆರಿಸಿ ಅವರ ಕೈಗೆ ಬಿಪಿ ಮಿಷಿನ್ನು, ಗ್ಲುಕೋಮೀಟರು ಕೊಟ್ಟು ಊರೊಳಗೆ ಕಳಿಸಿತು.

ಅದೇ ಕೃಷ್ಣಗಿರಿ ಜಿಲ್ಲೆಯ ತಳಿ, ಡೆಂಕಣಿಕೋಟೆ ಕಡೆಯ ಕನ್ನಡದ ಮನೆಯೊಂದನ್ನು ನೆನೆಸಿಕೊಳ್ಳಿ. ಅಲ್ಲಿಗೆ ಬಂದ ಕಾರ್ಯಕರ್ತೆಗೆ ಬಿಪಿ ನೋಡಿ ಬೆರಳು ಚುಚ್ಚಿ ಬರೆದುಕೊಳ್ಳಲು ಹತ್ತು ನಿಮಿಷ ಸಾಕು. ಅಸಲಿ ಕೆಲಸ ಆಮೇಲೆ. “ಸಕ್ಕರೆ ಇಳಿದೈತೆ ಅಂದ್ಯಲ್ಲ, ಅದಕ್ಕೇ ಮಾತ್ರೆ ಬಿಟ್ಟೆ” ಎನ್ನುತ್ತಾಳೆ ಅಜ್ಜಿ. “ಇಳಿದಿರೋದೇ ಮಾತ್ರೆಯಿಂದ ಕಣಜ್ಜಿ, ಬಿಟ್ರೆ ಮತ್ತೆ ಏರ್ತದೆ.” ಮಾತು ಅಲ್ಲಿಂದ ರಾಗಿ ಮುದ್ದೆಗೆ ಹೊರಳುತ್ತದೆ. ಮುದ್ದೆ ಬಿಡು ಎಂದರೆ ಆ ಮನೆಯಲ್ಲಿ ನಡೆಯದು. ಎರಡು ಉಣ್ಣುವಲ್ಲಿ ಒಂದು ಉಣ್ಣು, ಸೊಪ್ಪಿನ ಸಾರು ಇನ್ನೊಂದು ಸೌಟು ಹಾಕಿಸಿಕೋ ಎಂದರೆ ನಡೆದೀತು. ಅಷ್ಟರಲ್ಲಿ ಮಗನ ಕುಡಿತದ ವಿಷಯ ಹೊರಬೀಳುತ್ತದೆ. ನಗರದ ಕ್ಲಿನಿಕ್ಕಿನಲ್ಲಿ ಇದೇ ಮಾತುಕತೆಗೆ ಆಪ್ತ ಸಮಾಲೋಚನೆ ಎಂದು ಹೆಸರು, ಗಂಟೆಗಿಷ್ಟು ಎಂದು ಶುಲ್ಕ. ಇಲ್ಲಿ ಕಾರ್ಯಕರ್ತೆಗೆ ಆರಂಭದಲ್ಲಿ ಗೊತ್ತುಮಾಡಿದ್ದು ತಿಂಗಳಿಗೆ 4,500 ರೂಪಾಯಿ ಪ್ರೋತ್ಸಾಹಧನ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ನಿಭಾಯಿಸುವ ಆಕೆಯ ನಾಲಗೆಗೆ ಅದರಲ್ಲಿ ಬೆಲೆಯಿಲ್ಲ.

ಹಾಗೆಂದು ಊರಿನವಳು ಎಂಬುದನ್ನೇ ಹಾಡಿ ಹೊಗಳುವ ಅಗತ್ಯವೂ ಇಲ್ಲ. ಊರಿನವಳಾದ್ದರಿಂದಲೇ ಬಾಯಿ ಬಿಡದವರಿದ್ದಾರೆ. ಗಂಡನಿಂದ ಏಟು ತಿಂದ ಸೊಸೆ, ಅತ್ತೆಯ ಜೊತೆ ಅದೇ ಸಂಘದಲ್ಲಿ ಚೀಟಿ ಕಟ್ಟುವವಳ ಮುಂದೆ ಅದನ್ನು ಹೇಳಿಕೊಂಡಾಳೆ? ಗುಟ್ಟು ಕಾಯುವುದು, ಯಾವ ವಿಷಯವನ್ನು ಯಾವ ಕಚೇರಿಗೆ ಮುಟ್ಟಿಸಬೇಕೆಂದು ತಿಳಿಯುವುದು ಒಳ್ಳೆಯತನದಿಂದ ತಾನಾಗಿ ಬರುವ ವಿದ್ಯೆಯಲ್ಲ. ಅದಕ್ಕೆ ತರಬೇತಿ ಬೇಕು, ಬೆನ್ನಿಗೆ ನಿಲ್ಲಲು ತಜ್ಞರೊಬ್ಬರು ಬೇಕು. ಯೋಜನೆ ಬ್ಲಾಕಿಗೊಬ್ಬ ಫಿಸಿಯೋಥೆರಪಿಸ್ಟ್ ಕೊಟ್ಟಿತು, ಹಾಸಿಗೆ ಹಿಡಿದವರ ಆರೈಕೆಗೆ ನರ್ಸ್ ಕೊಟ್ಟಿತು. ಆ ಸಾಲಿನಲ್ಲಿ ಸಮಾಜಕಾರ್ಯ ಓದಿದವರಿಗೆ ಜಾಗವಿಡಲಿಲ್ಲ. ಅದೇ 2021ರಲ್ಲಿ ಬಂದ ಕೇಂದ್ರದ ಕಾಯ್ದೆಯೊಂದು ಆಪ್ತ ಸಮಾಲೋಚಕರನ್ನೂ ವೈದ್ಯಕೀಯ ಸಮಾಜಕಾರ್ಯಕರ್ತರನ್ನೂ ಆರೋಗ್ಯ ವೃತ್ತಿಯವರ ಪಟ್ಟಿಗೆ ಸೇರಿಸಿತ್ತು ಎಂಬುದು ಬೇರೆ ಮಾತು.

ಓದಿದವರು ಇಲ್ಲವೆನ್ನುವಂತಿಲ್ಲ. ಹೊಸೂರಿನಲ್ಲಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎಂದರೆ ಬಹುಮಂದಿಗೆ ಮೊದಲು ನೆನಪಾಗುವುದು ಕಾರ್ಖಾನೆಯ ಎಚ್‌ಆರ್ ವಿಭಾಗ. 500 ಕಾರ್ಮಿಕರಿರುವಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಕಡ್ಡಾಯ ಮಾಡಿತ್ತು. ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದಂತೆ ಆ ದಾರಿಯೂ ಅಗಲವಾಯಿತು. ಕಾರ್ಖಾನೆಗೆ ಹೋದವರನ್ನು ನಾನಂತೂ ದೂರಲಾರೆ, ಸಂಬಳ ಇರುವ ಕಡೆಗೆ ಜನ ಹೋಗುತ್ತಾರೆ. ಬೆಟ್ಟದ ಹಟ್ಟಿಗಳಿಗೆ ಅಂಥ ಕಾಯ್ದೆ ಯಾರೂ ಬರೆಯಲಿಲ್ಲ, ಅಷ್ಟೆ.

ಹಳ್ಳಿಯವರಿಗೆ ಇಂಥ ವಿದ್ಯೆ ಕಲಿಸುವ ಮಾದರಿಗೆ ದೂರ ಹೋಗಬೇಕಿಲ್ಲ. ನಿಮ್ಹಾನ್ಸ್ ಇರುವುದೇ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ. ಅಲ್ಲಿಯವರು 1970ರ ದಶಕದಲ್ಲೇ ಹೊಸೂರಿನ ಗಡಿಯಾಚೆಯ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸಲು ತೊಡಗಿದ್ದರು. ಮುಂದೆ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿದ ಆ ಕ್ರಮದ ಮೇಲೆಯೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಕಲಿಸಿದರೆ ಹಳ್ಳಿಯವರಿಗೆ ಬರುತ್ತದೆಯೇ ಎಂಬ ಅನುಮಾನ ಅಲ್ಲಿಗೇ ತೀರಬೇಕಿತ್ತು.

ಆದರೆ ಕಲಿಸಿದರಷ್ಟೇ ಸಾಲದು, ಬೆನ್ನಿಗೆ ನಿಲ್ಲುವವರೂ ಬೇಕು. 2025ರ ಮಾರ್ಚ್‌ನಲ್ಲಿ ಇದೇ ಜಿಲ್ಲೆಯ ಅಂಚೆಟ್ಟಿ ಬೆಟ್ಟದ ಕಡೆ ಹದಿನಾಲ್ಕರ ಹುಡುಗಿಯೊಬ್ಬಳನ್ನು ಮದುವೆಯ ಹೆಸರಿನಲ್ಲಿ ಬಲವಂತವಾಗಿ ಹೊತ್ತೊಯ್ಯುವ ವಿಡಿಯೊ ಹರಿದಾಡಿತು. ಪೊಲೀಸರು ಬಂಧಿಸಿದ್ದು ಆಮೇಲೆ. ಇಂಥ ಮದುವೆಯ ಸುಳಿವು ಠಾಣೆಗಿಂತ ಮೊದಲು ಸಿಗುವುದು ಮನೆಮನೆ ಹೊಕ್ಕು ಬರುವ ಹೆಣ್ಣಿಗೆ. ಆದರೆ ಸುಳಿವು ಕೊಟ್ಟವಳು ಮರುದಿನ ಅದೇ ಬೀದಿಯಲ್ಲಿ ಓಡಾಡಬೇಕು. ಅವಳ ಹೆಸರು ಹೊರಬೀಳದಂತೆ ವಿಷಯವನ್ನು ಕೈಗೆತ್ತಿಕೊಳ್ಳಲು ಪೂರ್ಣಾವಧಿ ಸಮಾಜಕಾರ್ಯಕರ್ತರೊಬ್ಬರು ಬೇಕು. ತಳಿ, ಕೆಲಮಂಗಲ, ಶೂಲಗಿರಿ, ಹೊಸೂರು ಬ್ಲಾಕುಗಳಿಂದ ಇದನ್ನು ಆರಂಭಿಸಬಹುದು. ನೇಮಕದಲ್ಲಿ ಕನ್ನಡ, ತೆಲುಗು ಬಲ್ಲವರಿಗೆ ಮೊದಲ ಅವಕಾಶ ಕೊಡಬಹುದು. ಐದು ವರ್ಷ ಚೀಲ ಹೊತ್ತವರಿಗೆ ಸಂಬಳದ ರಜೆ ಕೊಟ್ಟು ಡಿಪ್ಲೊಮಾ ಓದಿಸಿದರೆ, ಆ ಹುದ್ದೆಗೆ ಮುಂದಿನ ಅಭ್ಯರ್ಥಿಗಳು ಆ ಬೀದಿಗಳಿಂದಲೇ ಬರುತ್ತಾರೆ.