ಬೀರುವಿನಲ್ಲಿಟ್ಟ ರಿವಾಲ್ವರ್

2024ರ ಅಕ್ಟೋಬರ್ 1ರ ನಸುಕಿನಲ್ಲಿ ಹಿಂದಿ ನಟ ಗೋವಿಂದ ಮುಂಬೈನ ತಮ್ಮ ಮನೆಯಿಂದ ಕೋಲ್ಕತ್ತಾಗೆ ಹೊರಡುವ ಸಿದ್ಧತೆಯಲ್ಲಿದ್ದರು. ಹೊರಡುವ ಮುನ್ನ ತಮ್ಮ ಪರವಾನಗಿ ರಿವಾಲ್ವರನ್ನು ಕಪಾಟಿನಲ್ಲಿಡಲು ಹೋದಾಗ ಅದು ಕೈಜಾರಿ ಗುಂಡು ಹಾರಿತು ಎಂದು ಅವರ ಮ್ಯಾನೇಜರ್ ಹೇಳಿದರು. ಗುಂಡು ಮೊಣಕಾಲಿನ ಕೆಳಗೆ ಹೊಕ್ಕಿತ್ತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ತೆಗೆಯಬೇಕಾಯಿತು. ಮನೆಗೆ ಕಳ್ಳ ಬಂದಿರಲಿಲ್ಲ, ಯಾರೊಂದಿಗೂ ಜಗಳವಾಗಿರಲಿಲ್ಲ, ಕಾಗದಪತ್ರಗಳೆಲ್ಲ ಸರಿಯಾಗಿದ್ದವು. ಅಪಘಾತವಾದದ್ದು ಆಯುಧವನ್ನು ಜೋಪಾನವಾಗಿ ಎತ್ತಿಡುವ ಗಳಿಗೆಯಲ್ಲೇ.

ಮನೆ ಕಾಯಲು ಕೈಬಂದೂಕು ಇಟ್ಟುಕೊಳ್ಳುವ ಪದ್ಧತಿಯನ್ನು ತೂಗಿ ನೋಡುವವರು ಶುರುಮಾಡಬೇಕಾದದ್ದು ಇಲ್ಲಿಂದ. ಯಾವ ಕಂಪನಿಯದು, ಎಷ್ಟು ಗುಂಡಿನದು ಎಂಬ ಚರ್ಚೆ ಆಮೇಲಿನದು. ಆ ವಸ್ತು ವರ್ಷದ 365 ದಿನವೂ ಮನೆಯೊಳಗೆ ಎಲ್ಲಿರುತ್ತದೆ, ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಮೊದಲ ಪ್ರಶ್ನೆ.

ಬೆಂಗಳೂರಿನ ದಂಡು ಪ್ರದೇಶಕ್ಕೆ ಬಂದೂಕು ಹೊಸದಲ್ಲ. 1809ರಲ್ಲಿ ಬ್ರಿಟಿಷರು ಕಟ್ಟಿದ ಈ ಭಾಗದ ರಸ್ತೆಗಳ ಹೆಸರಲ್ಲೇ ಸೈನ್ಯವಿದೆ: ಇನ್‌ಫೆಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ, ಈಗ ಕಾಮರಾಜ ರಸ್ತೆಯಾಗಿರುವ ಕ್ಯಾವಲ್ರಿ ರಸ್ತೆ. ಹಲಸೂರು ಕೆರೆಯ ಪಕ್ಕದಲ್ಲಿ ಮದ್ರಾಸ್ ಎಂಜಿನಿಯರ್ ಗ್ರೂಪ್ ಇಂದಿಗೂ ಇದೆ. ನಿವೃತ್ತ ಸೇನಾಧಿಕಾರಿಗಳು, ಎಚ್‌ಎಎಲ್‌ನಲ್ಲಿ ದುಡಿದವರು ಇಂದಿರಾನಗರದಲ್ಲಿ ಮನೆ ಕಟ್ಟಿಕೊಂಡರು. ಶಿವಾಜಿನಗರದಲ್ಲಿ ಆಭರಣ ವ್ಯಾಪಾರಿಗಳಿದ್ದಾರೆ. ನಗರದಲ್ಲಿ ಯಾರಿಗೇ ಬಂದೂಕು ಬೇಕಿದ್ದರೂ ಅರ್ಜಿಯ ತೀರ್ಮಾನವಾಗುವುದು ಪೊಲೀಸ್ ಕಮಿಷನರ್ ಕಚೇರಿಯಲ್ಲಿ. ಆ ಕಚೇರಿ ಇರುವುದೂ ಇನ್‌ಫೆಂಟ್ರಿ ರಸ್ತೆಯಲ್ಲೇ. ಜಿಲ್ಲೆಗಳಲ್ಲಿ ಈ ಅಧಿಕಾರ ಜಿಲ್ಲಾಧಿಕಾರಿಯದು.

ಕಾನೂನು ಏನನ್ನುತ್ತದೆ? 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಒಂದು ವಿಚಾರವನ್ನು ಸ್ಪಷ್ಟವಾಗಿ ಹೇಳುತ್ತದೆ; ಹೆಚ್ಚಿನವರು ಅದನ್ನು ಗಮನಿಸಿದಂತಿಲ್ಲ. ರಕ್ಷಣೆಗೆಂದು ಕೊಡಲೇಬೇಕಾದ ಪರವಾನಗಿ ಎಂದು ಅದು ಗುರುತಿಸುವುದು ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು. ಉಳಿದವು, ರಿವಾಲ್ವರ್ ಮತ್ತು ಪಿಸ್ತೂಲು ಸೇರಿದಂತೆ, ಅಧಿಕಾರಿಗೆ ತಕ್ಕ ಕಾರಣ ಮನವರಿಕೆಯಾದರೆ ಮಾತ್ರ. ಅಡಗಿಸಿ ಒಯ್ಯಬಹುದಾದ ಆಯುಧದ ಬಗ್ಗೆ ಕಾನೂನು ಬರೆದವರಿಗೆ ಅಳುಕಿತ್ತು, ಅದು ಸರಿಯಾದ ಅಳುಕು. ಬಂದೂಕು ಹೊಂದುವುದು ಅಮೆರಿಕದಲ್ಲಿರುವಂತೆ ಇಲ್ಲಿ ಮೂಲಭೂತ ಹಕ್ಕಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2023ರಲ್ಲಿ ಮತ್ತೊಮ್ಮೆ ನೆನಪಿಸಿತು. ಅರ್ಜಿದಾರರಿಗೆ 21 ತುಂಬಿರಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಬಂದೂಕು ಇಲ್ಲ. ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು.

ಇನ್ನು ಆಯ್ಕೆ. 9 ಎಂಎಂ, .38, .455 ಇವೆಲ್ಲ ನಿಷೇಧಿತ ಬೋರ್‌ಗಳು, ಅಂದರೆ ನಳಿಗೆಯ ಅಳತೆಗಳು. ಸಾಮಾನ್ಯ ನಾಗರಿಕನ ಕೈಗೆ ಸಿಗುವುದು ಬಹುಮಟ್ಟಿಗೆ .32. ಎಂಬತ್ತರ ದಶಕದಲ್ಲಿ ಆಮದು ನಿಂತ ಮೇಲೆ ವಿದೇಶಿ ವೆಬ್ಲಿ, ಕೋಲ್ಟ್‌ಗಳು ಹಳೆಯ ಮಾಲಾಗಿಯೂ ಲಕ್ಷಗಟ್ಟಲೆ ಬೆಲೆಗೆ ಕೈ ಬದಲಾಯಿಸಿದವು. ದೇಶದಲ್ಲೇ ಆದವುಗಳಲ್ಲಿ ಸರ್ಕಾರಿ ಕಾರ್ಖಾನೆಗಳ .32 ರಿವಾಲ್ವರ್, ಅಶನಿ ಪಿಸ್ತೂಲು ಇವೆ. ದೆಹಲಿಯ ನಿರ್ಭಯಾ ಪ್ರಕರಣದ ನೆನಪಿನಲ್ಲಿ ಹೆಸರಿಟ್ಟ, ಸುಮಾರು 500 ಗ್ರಾಂ ತೂಕದ ನಿರ್ಭೀಕ್ ರಿವಾಲ್ವರ್ 2014ರ ಜನವರಿಯಲ್ಲಿ ಕಾನ್ಪುರದಿಂದ ಬಂತು. ಮಹಿಳೆಯರ ರಕ್ಷಣೆಗೆಂದು ಪ್ರಚಾರವಾದ ಅದರ ಬೆಲೆ ಆಗ ಒಂದು ಲಕ್ಷ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿತ್ತು. ಬಸ್ಸಿನಲ್ಲಿ ಓಡಾಡುವ ಹೆಣ್ಣುಮಗಳ ಹೆಸರಿನಲ್ಲಿ ಅವಳ ಕೈಗೆಟುಕದ ವಸ್ತುವನ್ನು ಮಾರಿದ್ದು ನೋವಿನ ಸಂಗತಿ. 2023ರಲ್ಲಿ ಅದೇ ಊರಿನಿಂದ ಪ್ರಬಲ್ ಎಂಬ ಇನ್ನೊಂದು ರಿವಾಲ್ವರ್ ಬಂತು.

ರಿವಾಲ್ವರೋ ಪಿಸ್ತೂಲೋ ಎಂದರೆ, ಅಭ್ಯಾಸ ಕಡಿಮೆಯಿರುವ ಮನೆಗೆ ರಿವಾಲ್ವರೇ ವಾಸಿ ಎಂಬ ಮಾತಿನಲ್ಲಿ ಹುರುಳಿದೆ. ಅದರ ಉರುಳೆಯನ್ನು ಹೊರಗೆಳೆದರೆ ಆರೂ ಮನೆಗಳು ಒಮ್ಮೆಗೇ ಕಣ್ಣಿಗೆ ಬೀಳುತ್ತವೆ. ಗುಂಡಿದೆಯೋ ಇಲ್ಲವೋ ಎಂಬ ಅನುಮಾನಕ್ಕೆ ಎಡೆಯಿಲ್ಲ. ಪಿಸ್ತೂಲಿನಲ್ಲಿ ಮ್ಯಾಗಜಿನ್ ಕಳಚಿದ ಮೇಲೂ ನಳಿಗೆಯ ಹಿಂದಿನ ಕೋಣೆಯಲ್ಲಿ ಒಂದು ಗುಂಡು ಉಳಿದಿರಬಹುದು. ಮ್ಯಾಗಜಿನ್ ತೆಗೆದಾಯಿತು, ಖಾಲಿಯಾಯಿತು ಎಂದುಕೊಂಡವರ ಕೈಯಲ್ಲಿ ಜಗತ್ತಿನಾದ್ಯಂತ ಜೀವಗಳು ಹೋಗಿರುವುದು ಈ ಒಂದು ಗುಂಡಿನಿಂದ. ಹಾಗೆಂದು ರಿವಾಲ್ವರ್ ನಿರಪಾಯಿಯಲ್ಲ. ಹಳೆಯ ವಿನ್ಯಾಸದ ಕೆಲವು ರಿವಾಲ್ವರ್‌ಗಳಲ್ಲಿ ಸುತ್ತಿಗೆಯ ಕೆಳಗೆ ಗುಂಡಿದ್ದು, ಅದು ಗಟ್ಟಿ ನೆಲಕ್ಕೆ ಬಿದ್ದರೆ ಹಾರಬಹುದು. ತಾತನ ಕಾಲದ ವೆಬ್ಲಿಯನ್ನು ವಾರಸುದಾರಿಕೆಯಲ್ಲಿ ಪಡೆದ ದಂಡು ಪ್ರದೇಶದ ಮನೆಗಳು ಇದನ್ನು ತಿಳಿದಿರಲೇಬೇಕು.

ಆಯುಧದ ಗುಣಕ್ಕಿಂತ ಅದು ಎದುರಿಸಬೇಕಾದ ಅಪಾಯ ಯಾವುದು ಎಂಬುದು ದೊಡ್ಡದು. ಕೆ.ಆರ್. ಪುರದ ಅಪಾರ್ಟ್‌ಮೆಂಟಿನಲ್ಲಿ ಗೇಟು, ಸೆಕ್ಯುರಿಟಿ, ಮೊಬೈಲ್ ಆ್ಯಪಿನ ಅನುಮತಿ ಎಲ್ಲವೂ ಇವೆ. ಒಳಗೆ ಬರುವವರು ಅನುಮತಿ ಪಡೆದೇ ಬರುವವರು: ಮನೆಗೆಲಸದವರು, ಚಾಲಕರು, ವೃದ್ಧರನ್ನು ನೋಡಿಕೊಳ್ಳುವವರು, ಪಾರ್ಸೆಲ್ ತರುವವರು. ಅವರಲ್ಲಿ ಬಹುಪಾಲು ಪ್ರಾಮಾಣಿಕರು. ಒಬ್ಬರು ಅಲ್ಲದಿದ್ದರೂ ಮಾಲೀಕರು ರಿವಾಲ್ವರ್ ಹಿಡಿದು ಅವರನ್ನು ಎದುರುಗೊಳ್ಳುವ ಸಂದರ್ಭವೇ ಹುಟ್ಟುವುದಿಲ್ಲ; ಆದರೆ ರಿವಾಲ್ವರ್ ಎಲ್ಲಿದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಇಂದಿರಾನಗರದ ಸ್ವಂತ ಮನೆಗಳ ಭಯ ಬೇರೆ. ರಜೆ ಬಂತೆಂದರೆ, ಊರಿಗೆ ಹೋಗುವವರು ಠಾಣೆಗೆ ತಿಳಿಸಿ ಹೋಗಿ ಎಂದು ಪೊಲೀಸರು ಕೇಳಿಕೊಳ್ಳುವುದು, ಕಳ್ಳರು ಬೀಗ ಹಾಕಿದ ಮನೆಯನ್ನೇ ಹುಡುಕುತ್ತಾರೆ ಎಂಬ ಅನುಭವದಿಂದ. ಯಾರೂ ಇಲ್ಲದ ಮನೆಯಲ್ಲಿ ಬಂದೂಕು ಕಾವಲಲ್ಲ. ಒಡವೆಯ ಜೊತೆ ಅದೂ ಒಂದು ಲೂಟಿಯ ವಸ್ತು, ಮತ್ತು ಕದ್ದ ಒಡವೆಗಿಂತ ಕದ್ದ ರಿವಾಲ್ವರ್ ಸಮಾಜಕ್ಕೆ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ.

ಶಿವಾಜಿನಗರ, ಹಲಸೂರಿನ ಹಳೆಯ ಗಲ್ಲಿಗಳಲ್ಲಿ ಇನ್ನೊಂದು ತೊಡಕು. ಮನೆಗೆ ಮನೆ ತಾಗಿಕೊಂಡಿದೆ. .32 ಗುಂಡು ಇಟ್ಟಿಗೆ ಗೋಡೆಯನ್ನು ದಾಟಲಿಕ್ಕಿಲ್ಲ. ಫ್ಲಶ್ ಡೋರನ್ನು, ಪ್ಲೈವುಡ್ ಅಡ್ಡಗೋಡೆಯನ್ನು, ಕಿಟಕಿಯ ಗಾಜನ್ನು ದಾಟುತ್ತದೆ. ಕತ್ತಲಲ್ಲಿ ನಿದ್ದೆಗಣ್ಣಿನಲ್ಲಿ ಗುರಿ ತಪ್ಪಿದರೆ ಅತ್ತ ಮಲಗಿರುವವರು ಯಾರದೋ ಮಕ್ಕಳು.

ಇಡೀ ಪದ್ಧತಿಯ ಒಳಬಿರುಕು ಇರುವುದು ಒಂದೇ ಜಾಗದಲ್ಲಿ. ರಕ್ಷಣೆಗೆ ಬೇಕೆಂದರೆ ಅದು ಕೈಗೆ ಸಿಗುವಂತಿರಬೇಕು, ಗುಂಡು ತುಂಬಿರಬೇಕು. ಮನೆಯವರಿಗೆ ಅಪಾಯವಾಗಬಾರದೆಂದರೆ ಅದು ಖಾಲಿಯಿರಬೇಕು, ಬೀಗದೊಳಗಿರಬೇಕು. ಅಮೆರಿಕದ ಸುಪ್ರೀಂ ಕೋರ್ಟ್ 2008ರ ಹೆಲ್ಲರ್ ಪ್ರಕರಣದಲ್ಲಿ ಈ ಬಿರುಕನ್ನು ನೇರವಾಗಿ ಎದುರಿಸಿತು. ಮನೆಯಲ್ಲಿನ ಬಂದೂಕನ್ನು ಬಿಚ್ಚಿಟ್ಟಿರಬೇಕು ಅಥವಾ ಟ್ರಿಗರಿಗೆ ಬೀಗ ಹಾಕಿರಬೇಕು ಎಂಬ ವಾಷಿಂಗ್ಟನ್ ನಗರದ ಕಾನೂನನ್ನು, ಆತ್ಮರಕ್ಷಣೆಗೆ ಅದು ಅಡ್ಡಿ ಎಂದು ಹೊಡೆದುಹಾಕಿತು. ಕೈಗೆ ಸಿಗುವುದೇ ಮುಖ್ಯವೆಂದು ಒಂದು ದೇಶ ತೀರ್ಮಾನಿಸಿತು. ಅದರ ಬೆಲೆಯೂ ಅಲ್ಲೇ ಲೆಕ್ಕಕ್ಕೆ ಸಿಕ್ಕಿದೆ. ಕ್ಯಾಲಿಫೋರ್ನಿಯಾದ ಎರಡು ಕೋಟಿ ಅರವತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೈಬಂದೂಕು ಹೊಂದಿದ ಗಂಡಸರು ಗುಂಡಿನಿಂದ ಆತ್ಮಹತ್ಯೆ ಮಾಡಿಕೊಳ್ಳುವ ಸಂಭವ ಅದಿಲ್ಲದವರಿಗಿಂತ ಸುಮಾರು ಎಂಟು ಪಟ್ಟು. ಹೆಂಗಸರಲ್ಲಿ ಮೂವತ್ತೈದು ಪಟ್ಟು. ಅದೇ ತಂಡ 2022ರಲ್ಲಿ ಕೈಬಂದೂಕಿನ ಮಾಲೀಕರ ಜೊತೆ ವಾಸಿಸುವವರನ್ನು ನೋಡಿತು. ಅವರು ಸಂಗಾತಿಯ ಗುಂಡಿಗೆ ಬಲಿಯಾಗುವ ಸಂಭವ ಏಳು ಪಟ್ಟಿನಷ್ಟಿತ್ತು. ಹಾಗೆ ಸತ್ತವರಲ್ಲಿ ನೂರಕ್ಕೆ 84 ಮಂದಿ ಹೆಂಗಸರು. ಇನ್ನೊಂದು ಕಡೆ, ಅಪರಾಧಕ್ಕೆ ಮುಖಾಮುಖಿಯಾದ ಅಮೆರಿಕನ್ನರು ಬಂದೂಕು ಬಳಸಿ ತಡೆದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣಗಳಲ್ಲಿ. ನಮ್ಮ ಸಮಾಜ ಬೇರೆ, ಇಲ್ಲಿ ಬಂದೂಕುಗಳು ಕಡಿಮೆ, ನಿಜ. ಆದರೆ ಮನೆಯೊಳಗಿನ ಕೋಪ, ಕುಡಿತ, ಖಿನ್ನತೆ ಅಲ್ಲಿಗೊಂದು ಇಲ್ಲಿಗೊಂದು ಅಲ್ಲ.

ಕರ್ನಾಟಕದ್ದೇ ಉದಾಹರಣೆ ಬೇಕೆಂದರೆ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ 2025ರ ಫೆಬ್ರವರಿಯಲ್ಲಿ ನಡೆದದ್ದಿದೆ. ಅಲ್ಲಿದ್ದ ಬಂದೂಕನ್ನು ಹದಿಹರೆಯದ ಹುಡುಗನೊಬ್ಬ ಆಟಕ್ಕೆ ಎತ್ತಿಕೊಂಡ. ಗುಂಡು ಹಾರಿತು. ಕೆಲಸ ಹುಡುಕಿಕೊಂಡು ಪಶ್ಚಿಮ ಬಂಗಾಳದಿಂದ ಬಂದಿದ್ದ ಕುಟುಂಬದ ಪುಟ್ಟ ಮಗು ಸತ್ತಿತು, ತಾಯಿಗೂ ಗಾಯವಾಯಿತು. ಬೀಗ ಹಾಕಿದ ಒಂದು ಪೆಟ್ಟಿಗೆಯಿದ್ದಿದ್ದರೆ ಸಾಕಿತ್ತು.

ನಗರದ ಮನೆಗಳಲ್ಲಿ ಈ ಕೆಲಸ ಗೋದ್ರೆಜ್ ಬೀರುವಿನ ಪಾಲಿಗೆ ಬಂದಿದೆ. ರೇಷ್ಮೆ ಸೀರೆ, ಸೈಟಿನ ಕಾಗದ, ಬೆಳ್ಳಿ ತಟ್ಟೆಗಳ ಜೊತೆ ಲಾಕರಿನಲ್ಲಿ ರಿವಾಲ್ವರ್. ಪಕ್ಕದಲ್ಲೇ ಗುಂಡಿನ ಡಬ್ಬಿ. ಬೀಗದ ಕೈ ದೇವರ ಪಟದ ಹಿಂದಿನ ಮೊಳೆಯಲ್ಲಿ. ಬೀರು ಗಟ್ಟಿಯದೇ. ಆದರೆ ಅದನ್ನು ದಿನಕ್ಕೆ ಹತ್ತು ಸಲ ಎಲ್ಲರೂ ತೆಗೆಯುತ್ತಾರೆ, ಮನೆ ಹೊಕ್ಕ ಕಳ್ಳ ಮೊದಲು ಮುರಿಯುವುದೂ ಅದನ್ನೇ. ಬಂದೂಕಿಗೆ ಬೇರೆಯದೇ ಆದ ಸಣ್ಣ ಉಕ್ಕಿನ ಪೆಟ್ಟಿಗೆ ಬೇಕು. ಅದನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿದಿರಬೇಕು, ಇಲ್ಲದಿದ್ದರೆ ಕಳ್ಳ ಪೆಟ್ಟಿಗೆಯನ್ನೇ ಹೊತ್ತೊಯ್ಯುತ್ತಾನೆ. ಗುಂಡುಗಳಿಗೆ ಬೇರೆ ಜಾಗ, ಬೇರೆ ಬೀಗ. ಬಂದೂಕು ಖಾಲಿ ಇರುವುದು, ಬೀಗದಲ್ಲಿರುವುದು, ಗುಂಡು ಬೀಗದಲ್ಲಿರುವುದು, ಎರಡೂ ಬೇರೆ ಬೇರೆ ಇರುವುದು: ಈ ನಾಲ್ಕರಲ್ಲಿ ಒಂದೊಂದೂ ಮಕ್ಕಳ ಸಾವುನೋವಿನ ಅಪಾಯ ತಗ್ಗುವುದರೊಂದಿಗೆ ತಳಕು ಹಾಕಿಕೊಂಡಿದೆ ಎಂದು 2005ರ ಅಮೆರಿಕನ್ ಅಧ್ಯಯನವೊಂದು ಕಂಡಿತ್ತು. ಟ್ರಿಗರ್ ಬೀಗವನ್ನು ಗುಂಡು ತುಂಬಿದ ಬಂದೂಕಿಗೆ ಎಂದೂ ಹಾಕಬಾರದು, ಹಾಕುವಾಗಲೇ ಹಾರಬಹುದು. ಚರ್ಮದ ಹೋಲ್ಸ್ಟರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ತೇವ ಹಿಡಿದು ತುಕ್ಕು ಬರುತ್ತದೆ. ಬೆಂಗಳೂರಿನ ಮಳೆಗಾಲಕ್ಕೆ ತೆಳು ಎಣ್ಣೆ, ಸಿಲಿಕಾ ಜೆಲ್ ಪೊಟ್ಟಣ ಸಾಕು.

ಮನೆಯಲ್ಲಿ ಕೋವಿಯೊಡನೆ ಬದುಕಿ ಬಂದ ಕನ್ನಡನಾಡಿನ ಸಮುದಾಯ ಕೊಡವರದು. ಪಿಸ್ತೂಲು, ರಿವಾಲ್ವರ್, ಜೋಡಿನಳಿಗೆ ಕೋವಿಗಳಿಗೆ ಅವರಿಗಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ಕೋವಿಯನ್ನು ಒರೆಸಿ, ನಳಿಗೆಗೆ ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ, ಎಲ್ಲರೆದುರು ಪೂಜೆಗಿಡುತ್ತಾರೆ. ವಸಂತನಗರದ ಕೊಡವ ಸಮಾಜದ ಸುತ್ತ ನೆಲೆಸಿದ ಬೆಂಗಳೂರಿನ ಕುಟುಂಬಗಳಿಗೂ ಈ ನೆನಪು ಹಸಿರು. ಆ ಸಂಪ್ರದಾಯದಲ್ಲಿ ಮೆಚ್ಚಬೇಕಾದದ್ದು ವಿನಾಯಿತಿಗಿಂತ ಹೆಚ್ಚಾಗಿ ಬಚ್ಚಿಡದಿರುವಿಕೆ. ಕೋವಿ ಏನು, ಅದನ್ನು ಯಾರು ಮುಟ್ಟಬಹುದು, ಹೇಗೆ ಹಿಡಿಯಬೇಕು ಎಂಬುದು ಮನೆಯ ಮಕ್ಕಳಿಗೆ ಹಿರಿಯರಿಂದ ಬರುತ್ತದೆ. ನಗರದ ಬೀರುವಿನ ರಿವಾಲ್ವರ್ ಇದಕ್ಕೆ ಪೂರ್ತಿ ವಿರುದ್ಧ. ಹೆಂಡತಿಗೂ ಸರಿಯಾಗಿ ಹೇಳದೆ, ಮಕ್ಕಳಿಂದ ಮುಚ್ಚಿಟ್ಟು, ವರ್ಷಕ್ಕೊಮ್ಮೆಯೂ ಗುರಿ ಅಭ್ಯಾಸ ಮಾಡದೆ ಇಟ್ಟ ವಸ್ತು ಅದು. ಮಕ್ಕಳು ಅದನ್ನು ಹುಡುಕಿಯೇ ಹುಡುಕುತ್ತಾರೆ.

‘ಕುಟುಂಬದ ರಕ್ಷಣೆಗೆ’ ಎಂಬ ಮಾತೂ ಕಾನೂನಿನ ಮುಂದೆ ನಿಲ್ಲುವುದು ಕಷ್ಟ. ಪರವಾನಗಿ ಒಬ್ಬರ ಹೆಸರಿನದು. ಪರವಾನಗಿಯಲ್ಲಿ ಹೆಸರಿಲ್ಲದ ಹೆಂಡತಿಯೋ ಮಗನೋ ಅದನ್ನು ತಮ್ಮದೆಂಬಂತೆ ಬಳಸುವಂತಿಲ್ಲ. ಯಜಮಾನರು ಹೊರಗಿದ್ದಾಗ ಮನೆಯವರ ಪಾಲಿಗೆ ಅದು ಇದ್ದೂ ಇಲ್ಲ. ಚುನಾವಣೆ ಘೋಷಣೆಯಾದಾಗಲಂತೂ ಪರವಾನಗಿ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಡುವಂತೆ ಆದೇಶ ಬರುತ್ತದೆ. ವಿನಾಯಿತಿ ಸಿಗದವರ ಮನೆ ಆ ವಾರಗಳಷ್ಟೂ ಬಾಗಿಲಿನ ಚಿಲಕ, ನೆರೆಹೊರೆ, 112ರ ಹೊಯ್ಸಳ ಗಾಡಿಯನ್ನು ನಂಬಿಯೇ ಇರುತ್ತದೆ. ಗುಂಡು ಹಾರಿಸಿದ ಮೇಲಿನ ಹಾದಿಯೂ ಸುಲಭದ್ದಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ, ಸೂರ್ಯಾಸ್ತದ ನಂತರ ಮನೆ ಮುರಿದು ನುಗ್ಗುವವರ ವಿರುದ್ಧದ ಆಸ್ತಿ ರಕ್ಷಣೆಯನ್ನು ಪ್ರಾಣ ತೆಗೆಯುವವರೆಗೂ ಒಪ್ಪುತ್ತದೆ. ಆದರೆ 37ನೇ ಕಲಂ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ ಎನ್ನುತ್ತದೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ ಎನ್ನುತ್ತದೆ. ಬೆನ್ನು ತಿರುಗಿಸಿ ಓಡುತ್ತಿದ್ದ ಹುಡುಗನ ಮೇಲೆ ಹಾರಿಸಿದವರು ಇದನ್ನು ನ್ಯಾಯಾಲಯದಲ್ಲಿ ವಿವರಿಸಬೇಕಾಗುತ್ತದೆ.

ಆದ್ದರಿಂದ ಪೂರ್ವ ಬೆಂಗಳೂರಿನ ಸಾಮಾನ್ಯ ಕುಟುಂಬಕ್ಕೆ ಮನೆ ಕಾಯುವ ಸಾಧನವಾಗಿ ಕೈಬಂದೂಕು ಸೋಲುತ್ತದೆ. ಅದೇ ಹಣದಲ್ಲಿ ಗಟ್ಟಿ ಬಾಗಿಲು, ಕಬ್ಬಿಣದ ಗ್ರಿಲ್ ಗೇಟು, ಅಂಗಳಕ್ಕೆ ದೀಪ, ಕ್ಯಾಮೆರಾ ಎಲ್ಲವೂ ಬಂದು ಇನ್ನೂ ಹಣ ಉಳಿಯುತ್ತದೆ. ನಿಜವಾದ ಬೆದರಿಕೆಯಿರುವ ಕೆಲವರು, ಕ್ರೀಡೆಯಾಗಿ ಗುಂಡು ಹಾರಿಸುವವರು, ವಾರಸುದಾರಿಕೆಯಲ್ಲಿ ಪಡೆದವರು ಇದ್ದೇ ಇರುತ್ತಾರೆ. ಅವರ ವಿಷಯದಲ್ಲಿ ವ್ಯವಸ್ಥೆ ಈಗಿರುವುದಕ್ಕಿಂತ ಕಟ್ಟುನಿಟ್ಟಾಗಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು ಸುರಕ್ಷತಾ ತರಬೇತಿ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಸುರಕ್ಷಿತವಾಗಿಡುವ ಬಗ್ಗೆ ಮುಚ್ಚಳಿಕೆ ಎಲ್ಲವನ್ನೂ ಕೇಳುತ್ತವೆ. ಕಾಗದದಲ್ಲಿ ಒಳ್ಳೆಯ ನಿಯಮಗಳೇ. ಆದರೆ ಮುಚ್ಚಳಿಕೆ ಎಂಬುದು ಸಹಿ. ಪೆಟ್ಟಿಗೆ ಗೋಡೆಯಲ್ಲಿರುವ ವಸ್ತು. ಪರವಾನಗಿ ಕೊಡುವ ಮುನ್ನ ಮತ್ತು ಐದು ವರ್ಷಕ್ಕೊಮ್ಮೆ ನವೀಕರಿಸುವಾಗ ಠಾಣೆಯ ಸಿಬ್ಬಂದಿ ಮನೆಗೆ ಬಂದು ಆ ಪೆಟ್ಟಿಗೆಯನ್ನು ತೆರೆಸಿ ನೋಡಿ ವರದಿ ಬರೆಯಲಿ. ಮನೆಯಲ್ಲಿರುವ ಇತರ ವಯಸ್ಕರ ಅಭಿಪ್ರಾಯವನ್ನು, ಮುಖ್ಯವಾಗಿ ಹೆಂಡತಿಯದನ್ನು, ಗಂಡನಿಲ್ಲದಾಗ ಕೇಳಲಿ. ಮನೆಯಲ್ಲಿ ಯಾರಾದರೂ ಮಂಕಾಗಿದ್ದರೆ, ಬದುಕು ಸಾಕೆನ್ನುತ್ತಿದ್ದರೆ, ಬಂದೂಕನ್ನು ಅದೇ ದಿನ ಠಾಣೆಗೋ ಪರವಾನಗಿ ಇರುವ ಶಸ್ತ್ರ ವ್ಯಾಪಾರಿಯ ವಶಕ್ಕೋ ಕೊಟ್ಟು ರಸೀದಿ ಪಡೆಯಬೇಕು. ಮಾತಾಡಲು ಟೆಲಿ ಮಾನಸ್‌ನ 14416 ಸಂಖ್ಯೆ ಹಗಲುರಾತ್ರಿ ಕನ್ನಡದಲ್ಲೂ ಸಿಗುತ್ತದೆ. ಪರವಾನಗಿ ಪುಸ್ತಕದ ಜೊತೆಗೇ ಈ ಎರಡು ಮಾತನ್ನು ಅಚ್ಚು ಹಾಕಿ ಕೊಡಲು ಇನ್‌ಫೆಂಟ್ರಿ ರಸ್ತೆಯ ಕಚೇರಿಗೆ ಹೊಸ ಕಾನೂನೇನೂ ಬೇಕಿಲ್ಲ.