ಮಸುಕು ಚಿತ್ರದಲ್ಲಿ ವಿಮಾನ ಹುಡುಕುವವರು

1906ರ ಜನವರಿಯಲ್ಲಿ ಏರೋ ಕ್ಲಬ್ ಆಫ್ ಅಮೆರಿಕ ನ್ಯೂಯಾರ್ಕಿನಲ್ಲೊಂದು ಪ್ರದರ್ಶನ ನಡೆಸಿತು. ಆ ಸಭಾಂಗಣದ ಫೋಟೊ ಉಳಿದುಬಂದಿದೆ. ಅದರ ಹಿನ್ನೆಲೆಯ ಗೋಡೆಯ ಮೇಲೆ ಸಾಲಾಗಿ ತೂಗುಹಾಕಿದ ಚಿತ್ರಗಳು ಕಾಣುತ್ತವೆ. ಜಾನ್ ಬ್ರೌನ್ ಎಂಬ ಸಂಶೋಧಕರು ಅವುಗಳಲ್ಲೊಂದನ್ನು ಹಿಗ್ಗಿಸಿ ನೋಡಿ, ಅದು ಗುಸ್ತಾವ್ ವೈಟ್‌ಹೆಡ್‌ನ ವಿಮಾನ, ಅದೂ ಹಾರುತ್ತಿರುವಾಗ ತೆಗೆದದ್ದು ಎಂದು 2013ರಲ್ಲಿ ಸಾರಿದರು. ಬವೇರಿಯಾದಿಂದ ಅಮೆರಿಕಕ್ಕೆ ವಲಸೆ ಬಂದ ವೈಟ್‌ಹೆಡ್, ರೈಟ್ ಸಹೋದರರಿಗಿಂತ ಎರಡು ವರ್ಷ ಮೊದಲೇ, 1901ರ ಆಗಸ್ಟ್‌ನಲ್ಲಿ, ಕನೆಕ್ಟಿಕಟ್‌ನ ಬ್ರಿಡ್ಜ್‌ಪೋರ್ಟ್ ಬಳಿ ಹಾರಿದನೆಂಬ ವಾದ ಹಳೆಯದು. ಆದರೆ ಅದಕ್ಕೆ ಫೋಟೊ ಪುರಾವೆ ಇರಲಿಲ್ಲ. ಆಗಿನ ಪತ್ರಿಕೆಯಲ್ಲಿ ಬಂದದ್ದು ಕೈಯಲ್ಲಿ ಬರೆದ ಚಿತ್ರ ಮಾತ್ರ. ‘ಜೇನ್ಸ್ ಆಲ್ ದ ವರ್ಲ್ಡ್ಸ್ ಏರ್‌ಕ್ರಾಫ್ಟ್’ ಎಂಬ ವಿಮಾನ ವಾರ್ಷಿಕದ ಸಂಪಾದಕ ಪಾಲ್ ಜ್ಯಾಕ್ಸನ್ ಅದರ 2013ರ ಮುನ್ನುಡಿಯಲ್ಲಿ ಬ್ರೌನ್ ಅವರ ಸಂಶೋಧನೆಯನ್ನು ಎತ್ತಿಹಿಡಿದರು. ಕನೆಕ್ಟಿಕಟ್ ರಾಜ್ಯವಂತೂ ಮೊದಲ ಹಾರಾಟದ ಗೌರವ ವೈಟ್‌ಹೆಡ್‌ನದೆಂದು ಕಾನೂನನ್ನೇ ಮಾಡಿತು.

ಅಮೆರಿಕದ ವಿಮಾನ ಇತಿಹಾಸಕಾರ ಕ್ಯಾರಲ್ ಗ್ರೇ ಅದೇ ಚಿತ್ರವನ್ನು ಬೇರೆ ದಾರಿಯಲ್ಲಿ ನೋಡಿದರು. ಇದು ವೈಟ್‌ಹೆಡ್‌ನದೇ ಎಂದು ಕೇಳುವ ಬದಲು, ಆ ಕಾಲದ ಯಾವ ಯಾವ ಯಂತ್ರಗಳ ಫೋಟೊಗಳು ಅಲ್ಲಿಗೆ ಬಂದಿರಬಹುದು ಎಂದು ಹುಡುಕುತ್ತ ಹೋದರು. ಸಿಕ್ಕಿದ್ದು ಜಾನ್ ಮಾಂಟ್‌ಗೊಮರಿಯ ‘ದ ಕ್ಯಾಲಿಫೋರ್ನಿಯಾ’ ಎಂಬ ಗ್ಲೈಡರಿನ 1905ರ ಚಿತ್ರ. ಗೋಡೆಯ ಮೇಲಿನ ಮಸುಕು ಆಕಾರ ಅದಕ್ಕೆ ಗೆರೆಗೆ ಗೆರೆ ಕೂಡಿತು. ಎಂಜಿನ್ನೇ ಇಲ್ಲದ ಗ್ಲೈಡರ್ ಅದು. ಮುನ್ನುಡಿಯ ಅಭಿಪ್ರಾಯ ಜ್ಯಾಕ್ಸನ್ ಅವರದು, ತಮ್ಮದಲ್ಲ ಎಂದು ಜೇನ್ಸ್‌ನ ಪ್ರಕಾಶಕರು ಕೊನೆಗೆ ದೂರ ಸರಿದರು. ಗ್ರೇ ಅವರ ಕೆಲಸದಿಂದ ವೈಟ್‌ಹೆಡ್‌ನ ಇಡೀ ಕತೆ ಸುಳ್ಳಾಗಲಿಲ್ಲ, ಈ ಒಂದು ಪುರಾವೆ ಮಾತ್ರ ಬಿದ್ದುಹೋಯಿತು. ಆ ಮಿತಿಯನ್ನು ಅರಿಯುವುದೂ ಈ ವಿದ್ಯೆಯ ಭಾಗವೇ.

ಹಳೆಯ ಫೋಟೊ ನೋಡಿ ವಿಮಾನ ಗುರುತಿಸುವುದನ್ನು ನಾನು ವಿದ್ಯೆ ಎಂದೇ ಕರೆಯುತ್ತೇನೆ. ಪಳಗಿದ ಕಣ್ಣಿಗೆ ತಂತಿ, ಕಂಬ, ಬಾಲ ಎಲ್ಲವೂ ಮಾತಾಡುತ್ತವೆ. ಎತ್ತರ ಏರಿಸುವ ಪಟ್ಟಿ ಮುಂದಿದ್ದು, ಚಕ್ರವಿಲ್ಲದೆ ಬರೀ ಜಾರುಪಟ್ಟಿ ಇದ್ದರೆ ಅದು ರೈಟರ ಮಾಡೆಲ್ ಎ ಇದ್ದೀತು. ಚಕ್ರ ಬಂದು ಆ ಪಟ್ಟಿ ಹಿಂದಕ್ಕೆ ಹೋಗಿದ್ದರೆ 1910ರ ಮಾಡೆಲ್ ಬಿ. ಮೇಲಿನ ಮತ್ತು ಕೆಳಗಿನ ರೆಕ್ಕೆಗಳ ನಡುವೆ ವಿಮಾನವನ್ನು ಪಕ್ಕಕ್ಕೆ ವಾಲಿಸುವ ಸಣ್ಣ ಪಟ್ಟಿ, ಅಂದರೆ ಏಲೆರಾನ್, ತೂಗಿದ್ದರೆ ಕರ್ಟಿಸ್‌ನ ಕಡೆ ಕೈ ತೋರಿಸಬಹುದು. ಹಿಂಭಾಗಕ್ಕೆ ಬಟ್ಟೆ ಹೊದಿಸದೆ ಮರದ ಚೌಕಟ್ಟನ್ನು ಹಾಗೇ ಬಿಟ್ಟ ಒಂಟಿ ಜೋಡಿ ರೆಕ್ಕೆಯ ವಿಮಾನ ಕಂಡರೆ, 1909ರಲ್ಲಿ ಇಂಗ್ಲಿಷ್ ಕಾಲುವೆ ದಾಟಿದ ಬ್ಲೇರಿಯೊ 11 ಮೊದಲು ನೆನಪಾಗುತ್ತದೆ. ಸಾಂತೋಸ್ ದುಮೊಂಟ್‌ನ 1906ರ ‘14-ಬಿಸ್’ ಅಂತೂ ಬಾಲ ಮುಂದಾಗಿ ಹಾರುವಂತೆ ಕಾಣುವುದರಿಂದ, ಹೊಸಬರು ಅದರ ಮುಂದು ಹಿಂದನ್ನೇ ತಪ್ಪು ತಿಳಿಯುತ್ತಾರೆ.

ತೊಡಕು ಶುರುವಾಗುವುದು ಇಲ್ಲಿಂದಲೇ. ಕಾಲುವೆ ದಾಟಿದ ಮೇಲೆ ಬ್ಲೇರಿಯೊ ಮಾದರಿಯನ್ನು ನಕಲು ಮಾಡಿದವರಿಗೆ ಲೆಕ್ಕವಿಲ್ಲ. ಸಾಂತೋಸ್ ದುಮೊಂಟ್ ತನ್ನ ‘ಡೆಮೊಸೆಲ್’ ವಿಮಾನದ ನಕ್ಷೆಯನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. 1910ರಲ್ಲಿ ಅದು ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ನಲ್ಲೂ ಅಚ್ಚಾಯಿತು. ಹಾಗಾಗಿ ‘ಇದು ಬ್ಲೇರಿಯೊ’ ಎನ್ನುವುದು ಆಕಾರದ ಮಾತು, ತಯಾರಕನ ಮಾತಲ್ಲ. ಮೇಲಾಗಿ ಆಗಿನ ಫೋಟೊ ಫಲಕ ಬಣ್ಣಗಳಿಗೆ ಮೋಸ ಮಾಡುತ್ತಿತ್ತು. ಅದರಲ್ಲಿ ನೀಲಿ ಬಿಳಿಚಿಕೊಳ್ಳುತ್ತದೆ, ಕೆಂಪು ಕಪ್ಪಾಗುತ್ತದೆ. ಮೊದಲ ಮಹಾಯುದ್ಧದ ಬ್ರಿಟಿಷ್ ವಿಮಾನಗಳ ರೆಕ್ಕೆಯ ವೃತ್ತದಲ್ಲಿ ಹೊರಗಿನ ನೀಲಿ ಬಳೆ ಬಿಳಿಯಲ್ಲಿ ಕರಗಿ ನಡುವಿನ ಕೆಂಪು ಕಡುಗಪ್ಪಾಗುತ್ತದೆ. ಫ್ರೆಂಚರದರಲ್ಲಿ ಇದು ತಿರುವುಮುರುವು. ಈ ಗುಣ ಗೊತ್ತಿಲ್ಲದೆ ಬಣ್ಣ ಓದಲು ಹೊರಟವರು ದೇಶವನ್ನೇ ಅದಲುಬದಲು ಮಾಡಿಯಾರು. ಪೋಸ್ಟ್‌ಕಾರ್ಡ್ ಮಾರುವವರು ನೆಲದ ಮೇಲೆ ನಿಂತ ವಿಮಾನವನ್ನು ಕತ್ತರಿಸಿ ಊರಿನ ಆಕಾಶಕ್ಕೆ ಅಂಟಿಸಿದ್ದೂ ಉಂಟು.

ಹೆಸರು ಸರಿಯಾಗಿದ್ದರೂ ಹೇಳಿಕೆ ಸುಳ್ಳಾಗಬಹುದು ಎಂಬುದಕ್ಕೆ ಲ್ಯಾಂಗ್ಲಿಯ ‘ಏರೋಡ್ರೋಮ್’ಗಿಂತ ದೊಡ್ಡ ಸಾಕ್ಷಿ ಬೇಡ. ಸ್ಮಿತ್ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಈ ಯಂತ್ರ 1903ರಲ್ಲಿ ಎರಡು ಸಲ ಪೊಟೊಮ್ಯಾಕ್ ನದಿಗೆ ಬಿತ್ತು. 1914ರಲ್ಲಿ ಗ್ಲೆನ್ ಕರ್ಟಿಸ್ ಅದನ್ನು ಹ್ಯಾಮಂಡ್ಸ್‌ಪೋರ್ಟ್‌ಗೆ ಒಯ್ದು ದುರಸ್ತಿ ಮಾಡಿ ನೀರಿನ ಮೇಲಿಂದ ಎಬ್ಬಿಸಿದ. ಆ ಹಾರಾಟದ ಫೋಟೊಗಳಲ್ಲಿರುವುದು ಲ್ಯಾಂಗ್ಲಿಯ ಯಂತ್ರವೇ ಹೌದು. ಆದರೆ ರೆಕ್ಕೆಯ ಬಾಗು, ಬಿಗಿತಂತಿಗಳ ಆಸರೆ ಬದಲಾಗಿದ್ದವು. ತೇಲುವ ದೋಣಿಗಳು ಸೇರಿದ್ದವು. ಅದನ್ನು ಮುಚ್ಚಿಟ್ಟು, ಹಾರಬಲ್ಲ ಮೊದಲ ವಿಮಾನ ಇದೇ ಎಂದು ಸ್ಮಿತ್ಸೋನಿಯನ್ ಪ್ರದರ್ಶನಕ್ಕಿಟ್ಟಿತು. 1915ರಲ್ಲಿ ಆರ್ವಿಲ್ ರೈಟ್‌ನ ಅಣ್ಣ ಲೊರಿನ್ ಗುಟ್ಟಾಗಿ ಹ್ಯಾಮಂಡ್ಸ್‌ಪೋರ್ಟ್‌ಗೆ ಹೋಗಿ ಫೋಟೊ ತೆಗೆದಾಗ ಕರ್ಟಿಸ್‌ನ ಆಳುಗಳು ಫಿಲ್ಮ್ ಕಸಿದುಕೊಂಡರು. ಮುನಿದ ಆರ್ವಿಲ್ ತಮ್ಮ ವಿಮಾನವನ್ನು 1928ರಲ್ಲಿ ಲಂಡನ್ನಿಗೆ ಕಳಿಸಿಬಿಟ್ಟ. 1942ರಲ್ಲಿ ಸಂಸ್ಥೆಯ ಕಾರ್ಯದರ್ಶಿ ಚಾರ್ಲ್ಸ್ ಆಬಟ್ ಬದಲಾವಣೆಗಳನ್ನು ಒಂದೊಂದಾಗಿ ಪಟ್ಟಿಮಾಡಿ ಅಚ್ಚು ಹಾಕಿಸಿದ ಮೇಲೆಯೇ ಜಗಳ ಬಗೆಹರಿದದ್ದು. ಲಂಡನ್ನಿನಲ್ಲಿದ್ದ ವಿಮಾನ 1948ರಲ್ಲಿ ಅಮೆರಿಕಕ್ಕೆ ಮರಳಿತು.

ನಮ್ಮಲ್ಲೂ ಇಂಥದೇ ಪರೀಕ್ಷೆಯೊಂದು ನಡೆದಿದೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ, ಪ್ರಾಚೀನ ವಿಮಾನವಿದ್ಯೆಯ ಗ್ರಂಥವೆನ್ನಲಾದ ‘ವೈಮಾನಿಕ ಶಾಸ್ತ್ರ’ಕ್ಕೆ 1923ರಲ್ಲಿ ಬೆಂಗಳೂರಿನ ಎಲ್ಲಪ್ಪ ಎಂಬ ನಕ್ಷೆಗಾರರು ಚಿತ್ರ ಬರೆದರು. 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಭಕ್ತಿಯನ್ನೂ ಲೇವಡಿಯನ್ನೂ ಬದಿಗಿಟ್ಟು, ಆ ಚಿತ್ರಗಳಲ್ಲಿರುವ ಯಂತ್ರ ಹಾರೀತೇ ಎಂದು ಲೆಕ್ಕ ಹಾಕಿದರು. ಹಾರದು, ಗ್ರಂಥವೂ 1904ಕ್ಕಿಂತ ಹಿಂದಿನದಲ್ಲ ಎಂಬುದು ಅವರ ತೀರ್ಮಾನ. ಗೋಡೆಯ ಚಿತ್ರಕ್ಕೆ ಗ್ರೇ ಹಿಡಿದ ದಾರಿಯೂ ಇದೇ: ನಂಬಿಕೆಯಿಂದ ಹೊರಡದೆ, ಚಿತ್ರವನ್ನು ಕೇಳುವುದು.

ಹಾಗಾಗಿ ಈ ವಿದ್ಯೆಯ ನಿಜವಾದ ಬಲ ‘ಇದು ಅದಲ್ಲ’ ಎನ್ನುವುದರಲ್ಲಿದೆ. ಒಂದು ವಿವರ ಹೊಂದದಿದ್ದರೆ ಸಾಕು, ಒಂದು ಹೆಸರು ಬಿದ್ದುಹೋಗುತ್ತದೆ. ಹತ್ತು ವಿವರ ಹೊಂದಿದರೂ ಹೆಸರು ಪೂರ್ತಿ ನಿಲ್ಲದು. ಹೆಸರನ್ನು ನಿಲ್ಲಿಸುವುದು ಫೋಟೊದ ಹೊರಗಿನ ದಾಖಲೆ. 1903ರ ಡಿಸೆಂಬರ್ 17ರ ರೈಟರ ಚಿತ್ರ ಗಟ್ಟಿಯಾಗಿರುವುದು ಅದು ನಿಚ್ಚಳವಾಗಿದೆ ಎಂಬ ಕಾರಣಕ್ಕಲ್ಲ. ಕ್ಯಾಮರಾ ಒತ್ತಿದವನು ಜೀವರಕ್ಷಕ ಪಡೆಯ ಜಾನ್ ಡೇನಿಯಲ್ಸ್ ಎಂದು ಗೊತ್ತು, 12 ಸೆಕೆಂಡಿನ ಹಾರಾಟದ ಬಗ್ಗೆ ದಿನಚರಿಯಿದೆ, 1913ರ ಡೇಟನ್ ನೆರೆಯಲ್ಲಿ ನೆಂದ ಗಾಜಿನ ನೆಗೆಟಿವ್ ಈಗಲೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಇಂದು ಈ ಕೆಲಸ ಮಾಡುವ ಹವ್ಯಾಸಿಗಳ ಜಾಣ್ಮೆಗೆ ಕೊರತೆಯಿಲ್ಲ. ಕೊರತೆ ಇರುವುದು ಅಡಿಬರಹದಲ್ಲಿ. ಚಿತ್ರದ ಕೆಳಗೆ ಬರೀ ಹೆಸರು ಬೀಳುತ್ತದೆ, ಅದನ್ನು ಯಾವ ಆಧಾರದ ಮೇಲೆ ಇಟ್ಟರು, ಯಾವ ವಿವರ ಹೊಂದಲಿಲ್ಲ ಎಂಬುದು ಬೀಳುವುದಿಲ್ಲ. ಆಬಟ್ ಅಚ್ಚು ಹಾಕಿಸಿದಂಥ ಪಟ್ಟಿ ಪ್ರತಿ ಹೆಸರಿನ ಜೊತೆಗೂ ಇರಬೇಕು. ಆಗ ಹೆಸರಿಟ್ಟವರು ತಪ್ಪಿದರೂ, ಮುಂದಿನವರು ಆ ಪಟ್ಟಿ ಹಿಡಿದು ತಿದ್ದಬಹುದು.