ಶಿಲ್ಪಿಗಳ ಊರಿನಲ್ಲಿ ಹ್ಯೂಮ್

ವಿಗ್ರಹವಿದ್ದರೆ ಶಿಲ್ಪಿ ಇರಲೇಬೇಕು. ಇಷ್ಟು ಅಚ್ಚುಕಟ್ಟಾದ ಜಗತ್ತಿಗೂ ಹಾಗೆಯೇ ಒಬ್ಬ ಕರ್ತ ಇರಲೇಬೇಕು. ಹರಿಕಥೆಯಿಂದ ಟಿ.ವಿ. ಪ್ರವಚನದವರೆಗೆ ಕೇಳುತ್ತಲೇ ಬಂದಿರುವ ಈ ವಾದದ ಬುಡಕ್ಕೇ ಕೈಹಾಕಿದ ಪುಸ್ತಕ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್‌ನ ‘ಡೈಲಾಗ್ಸ್ ಕನ್ಸರ್ನಿಂಗ್ ನ್ಯಾಚುರಲ್ ರಿಲಿಜನ್’. ಗೆಳೆಯರ ಮಾತು ಕೇಳಿ ಅವನು ಬದುಕಿರುವಾಗ ಅದನ್ನು ಅಚ್ಚಿಗೆ ಕೊಡಲಿಲ್ಲ. 1776ರಲ್ಲಿ ತೀರಿಕೊಂಡ ಮೇಲೆ, 1779ರಲ್ಲಿ ಅದು ಹೊರಬಂತು. ಅದನ್ನು ಒರೆಗೆ ಹಚ್ಚಲು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕಿಂತ ಒಳ್ಳೆಯ ಜಾಗ ಸಿಗಲಾರದು. ಕಲ್ಲು ದೇವರಾಗುವುದನ್ನು ಕಣ್ಣಾರೆ ಕಂಡವರ ಊರು ಅದು.

ಪುಸ್ತಕದಲ್ಲಿ ಮುಖ್ಯವಾಗಿ ಮೂವರ ವಾದ ನಡೆಯುತ್ತದೆ. ಜಗತ್ತು ಒಂದು ಯಂತ್ರ, ಅದಕ್ಕೊಬ್ಬ ಬುದ್ಧಿವಂತ ನಿರ್ಮಾತೃ ಬೇಕು ಎನ್ನುವವನು ಕ್ಲಿಯಾಂಥಿಸ್. ಸಂಶಯವಾದಿ ಫೈಲೋ ಅದಕ್ಕೆ ಕೊಡುವ ಉತ್ತರ ಸರಳ. ಮನೆಯನ್ನು ಕಂಡು ಕಟ್ಟಿದವನನ್ನು ಊಹಿಸುತ್ತೇವೆ, ಏಕೆಂದರೆ ಮನೆ ಕಟ್ಟುವುದನ್ನು ಹಿಂದೆ ಕಂಡಿದ್ದೇವೆ. ಜಗತ್ತು ಹುಟ್ಟುವುದನ್ನು ಕಂಡವರು ಯಾರು? ಶಿವಾರಪಟ್ಟಣದ ವಿಗ್ರಹಕ್ಕೆ ಸಾಕ್ಷಿ ಇದೆ, ಆಕಾಶಕ್ಕೆ ಇಲ್ಲ. ಬುದ್ಧಿಯೊಂದೇ ಸೃಷ್ಟಿಯ ಮೂಲವೆಂದು ಏಕೆ ತಿಳಿಯಬೇಕು ಎಂದು ಕೇಳುವ ಫೈಲೋ, ಬ್ರಾಹ್ಮಣರು ಹೇಳುವ ಜೇಡದ ಮಾತನ್ನೂ ಎತ್ತುತ್ತಾನೆ. ನಮ್ಮ ಮುಂಡಕೋಪನಿಷತ್ತಿನಲ್ಲೂ ಆ ಜೇಡವಿದೆ. ಹ್ಯೂಮ್‌ಗೆ ಅದು ನಗೆಚಾಟಿಕೆ. ಆದರೂ ವಾದಕ್ಕೆ ಅದು ಚೆನ್ನಾಗಿಯೇ ಒದಗುತ್ತದೆ.

ಇಲ್ಲಿಯವರೆಗೆ ಗೆಲುವು ಹ್ಯೂಮ್‌ನದೇ. ಅವನು ಎಡವುವುದು ಕುಶಲಕರ್ಮಿಯನ್ನು ಅಳೆಯುವಾಗ. ಸೊಗಸಾದ ಹಡಗನ್ನು ಕಂಡು ಬಡಗಿಯನ್ನು ಹೊಗಳುತ್ತೇವೆ, ಹತ್ತಿರ ಹೋದರೆ ಅವನು ತಲೆತಲಾಂತರದ ತಪ್ಪುಒಪ್ಪುಗಳಿಂದ ಬಂದ ಕಸುಬನ್ನು ನಕಲು ಮಾಡುವ ದಡ್ಡ ಎಂದು ಫೈಲೋ ಹೇಳುತ್ತಾನೆ. ದೇವರ ಜಾಣ್ಮೆಯನ್ನು ಪ್ರಶ್ನಿಸಲು ಹೂಡಿದ ಮಾತು ಇದು, ನಿಜ. ಆದರೆ ಶಿಲ್ಪಿಯ ಕೆಲಸವನ್ನು ನೋಡಿ. ಮೊದಲು ಕಲ್ಲನ್ನು ಸುತ್ತಿಗೆಯಿಂದ ತಟ್ಟುತ್ತಾನೆ. ಗಂಟೆಯ ನಾದ ಬಂದರೆ ಕಲ್ಲು ಗಟ್ಟಿ, ಮಂದವಾದ ಸದ್ದು ಬಂದರೆ ಒಳಗೆಲ್ಲೋ ಬಿರುಕು. ಆಮೇಲೆ ಅಳತೆ. ನವತಾಳದ ಮೂರ್ತಿಯೆಂದರೆ ಮುಖದ ಒಂಬತ್ತರಷ್ಟು ಎತ್ತರ. ಮುಖಕ್ಕೆ 12 ಅಂಗುಲದಂತೆ ಒಟ್ಟು 108. ಇಷ್ಟೂ ತಲೆಮಾರುಗಳಿಂದ ಬಂದದ್ದೇ. ಆದರೆ ಕೈಗೆ ಬಂದ ಈ ಕಲ್ಲಿನ ಎಳೆ ಎತ್ತ ಓಡುತ್ತದೆ, ಉಳಿಯ ಏಟು ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಶಾಸ್ತ್ರವೂ ಹೇಳಿಕೊಡದು. ಹ್ಯೂಮ್‌ನ ಅನುಭವ ದೂರ ಕೂತು ನೋಡುವವನದು. ಕಂಡದ್ದೇ ಮತ್ತೆ ಮತ್ತೆ ಕಂಡು ಅವನಿಗೆ ರೂಢಿಯಾಗುತ್ತದೆ. ಶಿಲ್ಪಿಯದು ಕೈಹಾಕಿ ಕೇಳುವವನ ಅನುಭವ. ಈ ವ್ಯತ್ಯಾಸಕ್ಕೆ ಹ್ಯೂಮ್‌ನ ಜ್ಞಾನಮೀಮಾಂಸೆಯಲ್ಲಿ ಸರಿಯಾದ ಜಾಗವಿಲ್ಲ.

ನಮ್ಮ ಜಕಣಾಚಾರಿ ಕಥೆಗೆ ಈ ವ್ಯತ್ಯಾಸ ಗೊತ್ತಿತ್ತು. ಬೇಲೂರಿನಲ್ಲಿ ಈ ಹೆಸರಾಂತ ಶಿಲ್ಪಿಯ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದಾಗ ಹಿರಿತನಕ್ಕೆ ಮಣೆ ಹಾಕಲಿಲ್ಲ; ಮೈಗೆಲ್ಲ ಗಂಧ ಬಳಿದು, ಒಣಗದೆ ಉಳಿದ ಜಾಗಕ್ಕೆ ಉಳಿಯಿಟ್ಟು ನೋಡಿದರು. ಇದಕ್ಕಿಂತ ಶುದ್ಧ ಪ್ರಯೋಗ ಬೇಕೆ? ಆದರೆ ಒಳಗಿಂದ ಕಪ್ಪೆ ಹಾರಿತು ಎಂದೊಡನೆ ಹ್ಯೂಮ್ ತಡೆಯುತ್ತಾನೆ. ಹೇಳಿದವರು ತಪ್ಪಿರುವ ಸಾಧ್ಯತೆ ಹೆಚ್ಚೋ, ಗಾಳಿಯಿಲ್ಲದ ಕಲ್ಲಿನಲ್ಲಿ ಕಪ್ಪೆ ಬದುಕಿರುವ ಸಾಧ್ಯತೆ ಹೆಚ್ಚೋ ಎಂದು ತೂಗಲು ಹೇಳುತ್ತಾನೆ. ಪವಾಡಗಳ ಬಗ್ಗೆ 1748ರಲ್ಲಿ ಅವನು ಕೊಟ್ಟ ತಕ್ಕಡಿ ಇದೇ. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯ (ಎಚ್ಚೆನ್) ಅದನ್ನು ಒಂದು ಹೆಜ್ಜೆ ಮುಂದಕ್ಕೊಯ್ದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಹ್ಯೂಮ್ ಸಾಕ್ಷ್ಯವನ್ನು ಕೂತಲ್ಲೇ ತೂಗಿದ. ಎಚ್ಚೆನ್, ನಮ್ಮೆದುರು ಮಾಡಿ ತೋರಿಸಿ ಎಂದರು. ತಟ್ಟಿ ನೋಡುವ ಶಿಲ್ಪಿಗೆ ಹತ್ತಿರದವರು ಎಚ್ಚೆನ್.

ಆದರೆ ಶಿವಾರಪಟ್ಟಣದ ಭಕ್ತಿಗೆ ಹ್ಯೂಮ್‌ನ ಏಟು ತಾಗುವುದಿಲ್ಲ. ವಿಗ್ರಹ ಕೊಳ್ಳಲು ಬಂದವರು ದೇವರನ್ನು ಊಹಿಸಿ ಸಾಬೀತುಪಡಿಸಲು ಬಂದವರಲ್ಲ. ಮಾಡಿದವನ ಪರಿಚಯವಿದೆ, ಬೆಲೆಯ ಚೌಕಾಶಿಯಾಗಿದೆ. ಆಮೇಲೆ ನೀರಿನಲ್ಲಿಡುವ ಜಲಾಧಿವಾಸ, ಧಾನ್ಯದಲ್ಲಿಡುವ ಧಾನ್ಯಾಧಿವಾಸ, ಕಣ್ಣು ತೆರೆಸುವ ನೇತ್ರೋನ್ಮೀಲನ, ಪ್ರಾಣಪ್ರತಿಷ್ಠೆ, ನಂತರ ಕೈಮುಗಿಯುತ್ತಾರೆ. ಧರ್ಮವೆಂದರೆ ಜಗತ್ತಿನ ಬಗೆಗಿನ ಒಂದು ಅಭಿಪ್ರಾಯ ಎಂದುಕೊಂಡ ‘ಡೈಲಾಗ್ಸ್’ಗೆ, ಮಾಡುತ್ತ ಮಾಡುತ್ತ ಕಟ್ಟಿಕೊಂಡ ಈ ನಂಬಿಕೆಯ ಗುರುತೇ ಸಿಕ್ಕಿಲ್ಲ.

ಹಾಗೆಂದು ಭಕ್ತಿಗೆ ಪ್ರಶ್ನೆಯಿಂದ ವಿನಾಯಿತಿ ಇಲ್ಲ. ಪ್ರತಿಷ್ಠೆಯಾದ ಮೇಲೆ ಎಷ್ಟೋ ಗುಡಿಗಳಲ್ಲಿ ಶಿಲ್ಪಿಗೆ ತಾನು ಕಡೆದ ಮೂರ್ತಿಯನ್ನೇ ಮುಟ್ಟುವಂತಿಲ್ಲ, ಗರ್ಭಗುಡಿಯ ಹೊಸ್ತಿಲು ದಾಟುವಂತಿಲ್ಲ. ನೀತಿಯ ಬೇರು ಮನುಷ್ಯನ ಅನುಕಂಪದಲ್ಲಿದೆ, ಶಾಸ್ತ್ರದಲ್ಲಲ್ಲ ಎಂದ ಹ್ಯೂಮ್ ಇಲ್ಲಿ ಶಿಲ್ಪಿಯ ಪರ ನಿಲ್ಲಬೇಕಿತ್ತು. ಆದರೆ ಅವನ ಅನುಕಂಪವೂ ಎಲ್ಲರವರೆಗೆ ಚಾಚಲಿಲ್ಲ. ರಾಷ್ಟ್ರಗಳ ಗುಣಸ್ವಭಾವದ ಕುರಿತ ಪ್ರಬಂಧಕ್ಕೆ ಆಮೇಲೆ ಸೇರಿಸಿದ ಅಡಿಟಿಪ್ಪಣಿಯಲ್ಲಿ ಅವನು ಕರಿಯರನ್ನು ಹುಟ್ಟಿನಿಂದಲೇ ಕೀಳೆಂದ. ಜಮೈಕಾದ ವಿದ್ವಾಂಸನೊಬ್ಬನ ಸುದ್ದಿ ಎದುರಿಗಿದ್ದರೂ ಗಿಳಿಪಾಠವೆಂದು ತಳ್ಳಿಹಾಕಿದ. 2020ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ತನ್ನ ಕಟ್ಟಡವೊಂದರಿಂದ ಅವನ ಹೆಸರು ತೆಗೆದದ್ದು ಇದೇ ಕಾರಣಕ್ಕೆ. ಪುರಾವೆಯನ್ನೇ ನಂಬಿದವನು ಬೇಡವಾದ ಪುರಾವೆಗೆ ಕಣ್ಣುಮುಚ್ಚಿದ.

ಹೀಗಾಗಿ ಹ್ಯೂಮ್‌ನನ್ನು ಪೂರ್ತಿ ಒಪ್ಪಬೇಕಿಲ್ಲ, ಬಿಡಲೂ ಬಾರದು. ಪವಾಡ ಮಾಡುತ್ತೇನೆ ಎಂದು ಬಂದವರನ್ನು ಅವನ ತಕ್ಕಡಿಯಲ್ಲೇ ತೂಗಬೇಕು. ಭಕ್ತಿಯನ್ನು ಅರಿಯಲು ಮಾತ್ರ ಆ ತಕ್ಕಡಿ ಸಾಲದು. ಕಲ್ಲಿಗೆ ಕಣ್ಣು ಕೊಟ್ಟವನನ್ನು ಹೊರಗೆ ನಿಲ್ಲಿಸುವ ನಿಯಮಕ್ಕೆ ಅನುಭವದಲ್ಲಿ ಯಾವ ಆಧಾರವಿದೆ? ‘ಡೈಲಾಗ್ಸ್’ ಓದಿದವರು ಮೊದಲು ಕೇಳಬೇಕಾದ ಪ್ರಶ್ನೆ ಅದು, ಮತ್ತು ಅದನ್ನು ನಮ್ಮ ನಮ್ಮ ಊರಿನ ಗುಡಿಯಲ್ಲೇ ಕೇಳಬೇಕು.